ಎರಡನೆಯ ಜನಿವಾರ

ಮಿಂದು ಬಂದ ದಂಡಪಾಣಿಗೆ ಟವೆಲು ಕೊಡಲು ಹೋದ ಸುಶೀಲ ಹಾಗೆಯೇ ನಿಂತುಬಿಟ್ಟಳು. ಗಂಡನ ಎದೆಯ ಮೇಲೆ ಒಂದೇ ಜನಿವಾರವಿತ್ತು. ಹುಡುಗನಾಗಿದ್ದಾಗ ಹಾಕಿಸಿಕೊಂಡದ್ದು. ಮದುವೆಯ ದಿನ ಅವಳ ಎದುರಿನಲ್ಲೇ ಅದರ ಜೊತೆಗೆ ಬಿದ್ದ ಎರಡನೆಯದು, ಮಗ್ಗದ ಪಕ್ಕದ ಮೊಳೆಯಲ್ಲಿ ಅಂಗಿಯ ಮರೆಗೆ ನೇತಾಡುತ್ತಿತ್ತು.

“ಇದನ್ಯಾಕೆ ತೆಗ್ದಿದ್ದೀರ?”

“ಮೆಲ್ಲ ಮಾತಾಡು, ಅಮ್ಮ ಇದ್ದಾರೆ.” ದಂಡಪಾಣಿ ತಲೆ ಒರೆಸಿಕೊಂಡ. “ಇವತ್ತು ಕೊಯಮತ್ತೂರಲ್ಲಿ ಪಟ್ಟಾಳಕ್ಕೆ ಆಳು ತಗೋತಾರೆ. ಅಂಗಿ ಬಿಚ್ಚಿಸಿ ಎದೆ ಅಳೀತಾರಂತೆ. ಮದುವೆ ಆದೋರನ್ನ ಹಿಂದಕ್ಕೆ ತಳ್ತಾರೆ ಅಂತ ಪಟ್ಟಾಳದಲ್ಲಿದ್ದು ಬಂದ ಮಯಿಲ್‌ಸಾಮಿ ಅಣ್ಣ ಹೇಳಿದ್ರು. ಎರಡು ದಾರ ಅಂದ್ರೆ ಮದುವೆ ಆದೋನು ಅಂತ ಗೊತ್ತಿರೋನು ಅಲ್ಲಿ ಒಬ್ಬ ಇದ್ರೂ ಸಾಕು, ಮುಗೀತು.”

ಪಟ್ಟಾಳದ ಮಾತು, ಸೈನ್ಯ ಸೇರುವ ಮಾತು, ಇಬ್ಬರ ನಡುವೆ ಪಿಸುಮಾತಿನಲ್ಲೇ ಸುತ್ತುತ್ತಿತ್ತು. ಪಕ್ಕದ ಬೀದಿಗೆ ಪವರ್‌ಲೂಮ್ ಬಂದ ಮೇಲೆ ಇವರ ಮಗ್ಗಕ್ಕೆ ಹಾಸಿನ ನೂಲು ಏರಿರಲಿಲ್ಲ. ರೇಡಿಯೋ ಹಾಕಿದರೆ ಸಿಲೋನಿನ ಕಾಳಗಕ್ಕೆ ಹೋದ ನಮ್ಮ ಸೈನಿಕರ ಸುದ್ದಿ. ಹೋಗಿ ಎನ್ನಲೂ ಬೇಡ ಎನ್ನಲೂ ಸುಶೀಲಳಿಗೆ ಬಾಯಿ ಬಂದಿರಲಿಲ್ಲ. ಈಗ ಅವಳನ್ನು ಕೇಳದೆಯೇ ತೀರ್ಮಾನವಾಗಿತ್ತು.

“ಒಂದು ಹೊತ್ತಿನ ಮಾತು ಕಣೇ. ಸಾಯಂಕಾಲ ಬಂದು ಹಾಕ್ಕೋತೀನಿ.”

“ನೀವು ಹಾಕ್ಕೋಬಹುದು. ಅಲ್ಲಿ ಬರ್ಕೊಂಡಿದ್ದು ಹಾಗೇ ಇರತ್ತಲ್ಲ. ನಾಳೆ ಸಿಲೋನಿಗೆ ಕಳಿಸಿ, ಏನಾದ್ರೂ ಆದ್ರೆ ತಂತಿ ಯಾರ ಹೆಸರಿಗೆ ಬರತ್ತೆ?”

ದಂಡಪಾಣಿ ಟವೆಲನ್ನು ಹೆಗಲಿಗೆ ಹಾಕಿಕೊಂಡ. “ಅಮ್ಮನ ಹೆಸರಿಗೆ.”

“ಅವಾಗ ನಾನ್ಯಾರು? ಅಳೋಕೆ ಬಂದ ಪಕ್ಕದ ಮನೆಯವಳಾ?”

“ಹಾಗಿದ್ರೆ ಬೇಡ ಅಂತ ಹೇಳಿಬಿಡು. ಇಲ್ಲೇ ಕೂತು ಖಾಲಿ ಮಗ್ಗ ಕಾಯ್ತೀನಿ.”

ಒಳಗೆ ಅತ್ತೆ ಜಾನಕಿಯಮ್ಮನ ರಾಟೆ ನಿಂತಿತು. “ದಂಡಪಾಣಿ, ಸಿಂಗಾನಲ್ಲೂರಿಗೆ ನೂಲು ಕೇಳೋಕೆ ಹೋಗೋನು ಇನ್ನೂ ಇಲ್ಲೇ ಇದ್ದೀಯ? ಬಸ್ಸೇನು ನಿಮ್ಮ ಮಾವ ಮದುವೇಲಿ ಸೀರ್ವರಿಸೆಗೆ ಕೊಟ್ಟಿದ್ದಾ, ನಿನಗೋಸ್ಕರ ಕಾಯೋಕೆ?”

“ಹೊರಟೆ ಅಮ್ಮ.”

ರಾಟೆ ಮತ್ತೆ ತಿರುಗತೊಡಗಿತು. ಸುಶೀಲ ಮೊಳೆಯಿಂದ ಜನಿವಾರ ತೆಗೆದಳು. ಮುಖ ತೊಳೆಯುವಲ್ಲಿದ್ದ ಅರಿಶಿನವನ್ನು ಅಂಗೈಯಲ್ಲಿ ಕಲಸಿ, ಅದರಲ್ಲಿ ದಾರವನ್ನು ನೆನೆಯುವಂತೆ ಹಿಸುಕಿದಳು. ಮದುವೆಯ ದಿನ ಅದು ಇದೇ ಬಣ್ಣದಲ್ಲಿತ್ತು. ಹಾಗೇ ಒದ್ದೆಯಾಗಿ ಮತ್ತೆ ಮೊಳೆಗೆ ಹಾಕಿದಳು.

“ಬೇಡ ಅಂತ ನಾನು ಹೇಳಲ್ಲ. ಹೋಗೋದಾದ್ರೆ ನನ್ನ ಗಂಡನಾಗಿ ಹೋಗಿ. ಇಲ್ಲಾಂದ್ರೆ ಇದು ಇಲ್ಲೇ ಇರಲಿ.”

ಅಡುಗೆಮನೆಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತಳು. ತಿರುಗಿ ನೋಡಬಾರದೆಂದು ಹಲ್ಲು ಕಚ್ಚಿಕೊಂಡಿದ್ದಳು. ಆಮೇಲೆ ಅಂಗಿ ಕೊಡವಿದ ಸದ್ದು. ಚಪ್ಪಲಿಯ ಸದ್ದು. “ಹೋಗಿ ಬರ್ತೀನಮ್ಮ.” ಅದನ್ನು ಅಮ್ಮನಿಗೆ ಹೇಳಿದನೋ ತನಗೆ ಹೇಳಿದನೋ ತಿಳಿಯಲಿಲ್ಲ.

ಅವಳು ಹೊಸ್ತಿಲಿಗೆ ಬರುವಷ್ಟರಲ್ಲಿ ದಂಡಪಾಣಿ ಬೀದಿಯ ತಿರುವು ಮುಟ್ಟಿದ್ದ. ತೆಳ್ಳನೆಯ ಬಿಳಿ ಅಂಗಿಯ ಬೆನ್ನಿನ ಮೇಲೆ, ಎಡ ಭುಜದಿಂದ ಬಲ ಸೊಂಟದವರೆಗೆ, ಹಸಿ ಹಳದಿ ಗೆರೆಯೊಂದು ಎದ್ದು ಕಾಣುತ್ತಿತ್ತು.

“ಅಯ್ಯೋ, ಒಗೆದಿಟ್ಟ ಅಂಗಿ. ಎಲ್ಲಿ ಕಲೆ ಮಾಡ್ಕೊಂಡ ಇವನು?” ಹಿಂದಿನಿಂದ ಇಣುಕಿದ ಜಾನಕಿಯಮ್ಮ ಗೊಣಗಿದರು.

ಸುಶೀಲ ಅರಿಶಿನದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಗೆದ್ದೆ ಅನ್ನಿಸಿದ್ದು ಒಂದು ಗಳಿಗೆ ಮಾತ್ರ. ಬಸ್ಸು ಹೊರಟ ಸದ್ದು ಕೇಳಿಸಿತು. ಎರಡು ದಾರ ನೋಡಿಯೂ ಅವನನ್ನು ಸೇರಿಸಿಕೊಂಡರೆ, ಇನ್ನು ತಂತಿ ಬಂದರೆ ಅದು ಅವಳ ಹೆಸರಿಗೇ ಬರುತ್ತದೆ.