ಪಕ್ಕದ ಮನೆಯ ನೀಲಿ ಷರಬತ್ತು

ಬೆಳಿಗ್ಗೆ ಎಣಿಸಿದಾಗ ಬಾಲ್ಕನಿಯ ಬಳ್ಳಿಯಲ್ಲಿ ಮೂವತ್ತೆರಡು ಶಂಖಪುಷ್ಪ. ಸಂಜೆ ಕೆಲಸದಿಂದ ಬಂದು ನೋಡಿದರೆ ನಾಲ್ಕು. ಉಳಿದವಕ್ಕೇನು ಕಾಲು ಬಂದವೇ? ಗ್ರಂಥಪಾಲಕಿ ಸೊಂಟಕ್ಕೆ ಕೈಯಿಟ್ಟು ಪಕ್ಕದ ಬಾಲ್ಕನಿಯನ್ನು ದುರುಗುಟ್ಟಿ ನೋಡಿದಳು. ನಡುವೆ ಇರುವುದು ಎದೆಮಟ್ಟದ ಗೋಡೆ. ಕೈ ಚಾಚಿದರೆ ಸಾಕು.

ಆಚೆ ಮನೆಯವಳು ಹಲ್ಲಿನ ಡಾಕ್ಟರು. ಒಂಟಿ ಹೆಂಗಸು. ಕ್ಲಿನಿಕ್ಕು ಸಂಜೆ ಮಾತ್ರ, ಹಗಲೆಲ್ಲ ಮನೆಯಲ್ಲೇ. ಅವಳಿಗೊಂದು ಹೂಕುಂಡವೂ ಇಲ್ಲ. ಆದರೂ ಒಂದು ತಿಂಗಳಿಂದ ಕಟ್ಟಡದ ಹನ್ನೆರಡು ಮನೆಯವರ ಬಾಯಲ್ಲೂ ಡಾಕ್ಟರಮ್ಮನ ನೀಲಿ ಷರಬತ್ತಿನದೇ ಮಾತು. ಹಲ್ಲಿನ ಡಾಕ್ಟರು ಸಕ್ಕರೆ ಪಾಕ ಹಂಚುತ್ತಾಳಂತೆ! ಕ್ಲಿನಿಕ್ಕು ತುಂಬಿಸಿಕೊಳ್ಳುವ ಉಪಾಯ ಎಂದು ಕಟ್ಟಡವೆಲ್ಲ ನಕ್ಕಿತು. ಗ್ರಂಥಪಾಲಕಿಗೆ ನಗು ಬರಲಿಲ್ಲ.

ಕಾರಣ, ಗಂಡ. ಎರಡು ವಾರದ ಹಿಂದೆ ಡಾಕ್ಟರಮ್ಮ ಎಲ್ಲರನ್ನೂ ಮನೆಗೆ ಕರೆದಿದ್ದಳು. ಗಾಜಿನ ಲೋಟಗಳಲ್ಲಿ ಕಡುನೀಲಿ ಷರಬತ್ತು. ನಾಲ್ಕು ಹನಿ ನಿಂಬೆರಸ ಬಿದ್ದದ್ದೇ ತಡ, ನೀಲಿ ಹೋಗಿ ಗುಲಾಬಿ. ಮಕ್ಕಳು ಚಪ್ಪಾಳೆ ತಟ್ಟಿದರು. ಗಂಡ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಹೆಂಡತಿಯ ಅಡುಗೆಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಣ್ಣು ಮುಚ್ಚಿದವನಲ್ಲ.

"ಇದನ್ನ ಮೊದಲೇ ಎಲ್ಲೋ ಕುಡಿದಿದ್ದೀನಿ ಅನ್ನಿಸ್ತಿದೆ," ಎಂದ.

ಮೊದಲೇ? ಯಾವಾಗ? ಯಾರ ಮನೆಯಲ್ಲಿ? ಅವನು ಊಟಕ್ಕೆ ಮನೆಗೆ ಬರುವುದು ಮಧ್ಯಾಹ್ನ ಒಂದಕ್ಕೆ. ಆ ಹೊತ್ತಿನಲ್ಲಿ ತಾನಿರುವುದು ಗ್ರಂಥಾಲಯದಲ್ಲಿ. ಹೂ ಮಾಯವಾಗುವುದೂ ಅದೇ ಹೊತ್ತಿನಲ್ಲಿ. ತಾನು ಮನೆಯಲ್ಲಿರುವ ಭಾನುವಾರ ಒಂದು ಹೂವೂ ಕದಲುವುದಿಲ್ಲ.

ನಾನೂ ಮಾಡಿ ತೋರಿಸ್ತೀನಿ ಎಂದು ಹಟಕ್ಕೆ ಬಿದ್ದಳು. ಭಾನುವಾರವಿಡೀ ಹೂ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಸಕ್ಕರೆ ಸುರಿದು ಪಾಕ ಮಾಡಿದಳು. ಬಣ್ಣವೇನೋ ಬಂತು, ರುಚಿ ಮಾತ್ರ ಬೇಯಿಸಿದ ಬೀನ್ಸಿನದು. ಗಂಡ "ಚೆನ್ನಾಗಿದೆ" ಎಂದು ಅರ್ಧ ಲೋಟ ಬಿಟ್ಟು ಎದ್ದ. ಅವಳ ಬೆರಳು ಎರಡು ದಿನ ನೀಲಿಯಾಗಿತ್ತು. ಡಾಕ್ಟರಮ್ಮನ ಕೈ ನೋಡಿದರೆ ಉಗುರಿನ ಸಂದಿಯಲ್ಲೂ ಕಲೆಯಿಲ್ಲ. ಗ್ಲೌಸು ಹಾಕಿಕೊಳ್ಳುತ್ತಾಳೆ, ಘಾಟಿ!

ಮೆಟ್ಟಿಲ ಬಳಿ ಸಿಕ್ಕಾಗ, ಹೇಗೆ ಮಾಡುವುದು ಎಂದು ನಗುನಗುತ್ತಲೇ ಕೇಳಿದಳು. ಡಾಕ್ಟರಮ್ಮ ತಡವರಿಸಿದಳು.

"ಅಯ್ಯೋ ಅಕ್ಕಾ, ಅಳತೆಗಿಳತೆ ನನಗೊಂದೂ ಗೊತ್ತಿಲ್ಲ."

ಬಚ್ಚಿಡುವುದು ನೋಡು! ಇನ್ನು ಉಳಿದದ್ದು ಒಂದೇ ದಾರಿ, ಅತ್ತೆ.

ಅತ್ತೆಗೆ ಈ ಮನೆಯಲ್ಲಿ ಅಡುಗೆಯ ಕೆಲಸವಿಲ್ಲ. ಕೈ ನಡುಗಿ ಒಮ್ಮೆ ಹಾಲಿನ ಪಾತ್ರೆ ಬೀಳಿಸಿದ ಮೇಲೆ ಸೊಸೆಯೇ ನಿಲ್ಲಿಸಿದ್ದಳು. "ನೀವು ಆರಾಮಾಗಿ ಕೂತಿರಿ" ಎಂದು ಹೇಳಿ, ಹೊರಡುವಾಗ ಗ್ಯಾಸ್ ಬಂದ್ ಮಾಡಿ, ಲೈಟರನ್ನು ತನ್ನ ಚೀಲಕ್ಕೇ ಹಾಕಿಕೊಂಡು ಹೋಗುತ್ತಿದ್ದಳು. ಪಾಪ, ಅತ್ತೆ ಪೇಪರಿನ ಪದಬಂಧ ತುಂಬುತ್ತಿದ್ದರು. ಬೇಜಾರಾದರೆ ಪಕ್ಕದ ಮನೆಗೆ ಟಿವಿ ನೋಡಲು ಹೋಗುತ್ತಿದ್ದರು.

"ಅತ್ತೆ, ದಿನಾ ಹೋಗ್ತೀರಲ್ಲ, ಅವಳು ಷರಬತ್ತು ಹೇಗೆ ಮಾಡ್ತಾಳೆ ಅಂತ ಸ್ವಲ್ಪ ನೋಡ್ಕೊಂಡು ಬನ್ನಿ."

ಅತ್ತೆ ಕನ್ನಡಕ ಒರೆಸಿಕೊಂಡರು. "ಅವಳು ಒಲೆ ಹತ್ರ ಹೋಗಿದ್ದನ್ನೇ ನಾನು ನೋಡಿಲ್ಲ ಕಣಮ್ಮ."

ಓಹೋ, ಒಲೆಯೇ ಬೇಡದ ವಿದ್ಯೆ! ಗ್ರಂಥಪಾಲಕಿ ಹೂವನ್ನೂ ಸಕ್ಕರೆಯನ್ನೂ ತಣ್ಣೀರಲ್ಲಿ ಕಲಸಿ, ಸೀಸೆಗೆ ತುಂಬಿ, ಅಡುಗೆಮನೆಯ ಕಿಟಕಿಯ ಬಿಸಿಲಿಗಿಟ್ಟಳು. ನಾಲ್ಕನೇ ದಿನ ಮುಚ್ಚಳ ಢಂ ಎಂದು ಹಾರಿತು. ಛಾವಣಿಗೆಲ್ಲ ನೀಲಿ ಚುಕ್ಕಿ.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ಮನೆಗೆ ಬಂದಳು. ವಾಪಸು ಬಾರದ ಪುಸ್ತಕಗಳನ್ನು ಹುಡುಕಿ ತೆಗೆಯುವುದೇ ಅವಳ ಕಸುಬು. ಗಂಡನನ್ನು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಡಾಕ್ಟರಮ್ಮನ ಮುಚ್ಚಿದ ಬಾಗಿಲ ಮುಂದೆ ಅವನ ಚಪ್ಪಲಿ. ಪಕ್ಕದಲ್ಲಿ ಅತ್ತೆಯ ಚಪ್ಪಲಿ. ಅದು ದಿನವೂ ಅಲ್ಲೇ ಇರುವುದು, ಲೆಕ್ಕಕ್ಕಿಲ್ಲ. ಒಳಗಿನಿಂದ ಗಂಡನ ನಗು ಕೇಳಿಸಿತು. ಇಷ್ಟು ಬಾಯ್ತುಂಬ ಅವನು ನಕ್ಕದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತು! ಬಾಗಿಲು ಬಡಿಯಲು ಎತ್ತಿದ ಕೈ ಕೆಳಗಿಳಿಯಿತು. ಮನೆಯೊಳಗೆ ಬಂದು ಟವೆಲ್ಲಿಗೆ ಮುಖ ಒತ್ತಿ ಅತ್ತಳು. ಆಮೇಲೆ ಮುಖ ತೊಳೆದು ತಟ್ಟೆ ಹಾಕಿ ಕಾದು ಕೂತಳು.

ಅರ್ಧ ಗಂಟೆ ಕಳೆದು ತಾಯಿ ಮಗ ಒಟ್ಟಿಗೆ ಬಂದರು. ಅವಳನ್ನು ನೋಡಿ ಇಬ್ಬರೂ ಬಾಗಿಲಲ್ಲೇ ನಿಂತರು. ಅತ್ತೆಯ ಬಿಳಿ ರವಿಕೆಯ ಉದ್ದ ತೋಳಿನ ಅಂಚಿನಲ್ಲಿ ನೀಲಿ ಕಲೆ.

"ಇದೇನತ್ತೆ?"

"ಪೆನ್ನು ಸೋರ್ತು ಕಣಮ್ಮ, ಪದಬಂಧ ತುಂಬ್ತಾ ಇದ್ದೆ."

ಅವಳಿಗೆ ಪೆನ್ನಿನ ಚಿಂತೆ ಇರಲಿಲ್ಲ. ಎಲ್ಲರೂ ಊಟಕ್ಕೆ ಕೂತ ಮೇಲೆ ಗಂಡನನ್ನೇ ನೋಡುತ್ತಾ ಹೇಳಿದಳು: "ಇವತ್ತಿಂದ ಆ ಮನೆ ಹೊಸ್ತಿಲು ಯಾರೂ ತುಳೀಬಾರ್ದು. ನೀವೂ ಅಷ್ಟೇ ಅತ್ತೆ. ನನ್ನ ಗಂಡನ್ನ ಒಂದು ಲೋಟ ಷರಬತ್ತಿಗೆ ಬಿಟ್ಟುಕೊಡೋಷ್ಟು ದೊಡ್ಡ ಮನಸ್ಸು ನನಗಿಲ್ಲ."

ಗಂಡ ಬಾಯಿ ತೆರೆದ. ಅತ್ತೆ ಅವನ ಮಣಿಕಟ್ಟು ಹಿಡಿದು ಸುಮ್ಮನಾಗಿಸಿದರು.

"ಆಯ್ತಮ್ಮ. ನಾನಿನ್ನು ಅಲ್ಲಿಗೆ ಹೋಗಲ್ಲ," ಎಂದರು. ದನಿ ಸಣ್ಣಗಾಗಿತ್ತು. ತಟ್ಟೆಯ ಸೌತೆಕಾಯಿಗೆ ಹಿಂಡಲು ನಿಂಬೆ ಹೋಳೊಂದನ್ನು ಎತ್ತಿಕೊಂಡರು. ಕೈ ನಡುಗಿತು. ರಸ ಬೆರಳಿಂದ ಮಣಿಕಟ್ಟಿಗೆ ಹರಿದು ರವಿಕೆಯ ತೋಳಿನ ಅಂಚನ್ನು ತೋಯಿಸಿತು.

ಪೆನ್ನಿನ ಇಂಕು ನೋಡನೋಡುತ್ತಲೇ ಗುಲಾಬಿಯಾಯಿತು.