ಮೀಸೆಗೆ ಮೂರು ಸಿಲಿಂಡರ್

“ಇದು ಬೇಡ. ಭಾರ ಸಾಲದು,” ಎಂದು ಓಂಕಾರಮೂರ್ತಿ ಅಲ್ಯೂಮಿನಿಯಂ ಸಿಲಿಂಡರನ್ನು ಬೆರಳಿನಿಂದ ಬಡಿದು ನೋಡಿದರು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ.

ತರೀಕೆರೆಯ ಕಾಂತರಾಜನ ಅಂಗಡಿಗೆ ವೆಲ್ಡಿಂಗ್‌ನವರು, ನರ್ಸಿಂಗ್ ಹೋಮಿನವರು ಬಿಟ್ಟರೆ ಗ್ಯಾಸಿಗೆಂದು ಬರುವವರು ಕಡಿಮೆ. ಶಿವನಿಯ ಧನುಶ್ರೀ ಮಾತ್ರ ಬೇರೆ ಲೆಕ್ಕ. ಅಂಡಮಾನಿನಲ್ಲಿ ಮುಳುಗಿದ ಹಡಗುಗಳ ಹೊಟ್ಟೆಯೊಳಗೆ, ನೀರು ತುಂಬಿದ ಗುಹೆಗಳೊಳಗೆ ಈಜಿ ಬಂದವಳು. ಊರಿಗೆ ಮರಳಿದ ಮೇಲೆ ಗಾಳಿ ತುಂಬುವ ಯಂತ್ರವನ್ನು ಇದೇ ಅಂಗಡಿಯ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ಸುತ್ತ ಮೂರು ತಾಲ್ಲೂಕಿಗೆ ಆ ಕಸುಬಿನವಳು ಅವಳೊಬ್ಬಳೇ.

“ಭಾರ ಯಾಕೆ ಯಜಮಾನ್ರೇ? ಹೊರೋಳು ನಾನಲ್ವಾ?”

“ಕೆಳಕ್ಕೆ ಹೋಗ್ಬೇಕಲ್ಲಮ್ಮಾ!”

“ಅದು ನಿಜ. ಅಲ್ಯೂಮಿನಿಯಂದು ಗಾಳಿ ಖಾಲಿ ಆಗ್ತಾ ಆಗ್ತಾ ತೇಲೋಕೆ ನೋಡತ್ತೆ. ಸ್ಟೀಲಿಂದು ಹಂಗಲ್ಲ. ಖಾಲಿಯಾದ್ರೂ ಮುಳುಗೇ ಇರತ್ತೆ.”

“ನಮ್ಮನೇರ ಥರ,” ಎಂದರು ಹೆಂಡತಿ ವಿಶಾಲಾಕ್ಷಮ್ಮ.

“ಸುಮ್ನಿರೇ!”

ಅಜ್ಜಂಪುರದ ಓಂಕಾರಮೂರ್ತಿ ಮುಳುಗಿದ್ದು ಹೋದ ವಾರ ಮೊಮ್ಮಗುವಿನ ನಾಮಕರಣದ ಪಂಕ್ತಿಯಲ್ಲಿ. ಎದುರಿಗೆ ಕೂತವರು ಕಡೂರಿನ ಬೀಗರು, ಕಲ್ಲಪ್ಪ. ಎರಡೂ ಮನೆಯವರ ಪೂರ್ವಿಕರ ಊರು ಈಗ ಭದ್ರಾ ಹಿನ್ನೀರಿನ ತಳದಲ್ಲಿದೆ. ಆ ಊರಿಗೆ ಪಟೇಲರು ಯಾರ ಮನೆಯವರು? ಚಾವಡಿಯೊಳಗಿನ ಕಲ್ಲಿನಲ್ಲಿ ನಮ್ಮ ಮುತ್ತಜ್ಜನ ಹೆಸರಿದೆ ಎಂದರು ಇವರು. ಅದು ನಮ್ಮ ಮುತ್ತಜ್ಜನ ಹೆಸರು ಎಂದರು ಅವರು. ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಪಂಥ ಬಿದ್ದಿತ್ತು. ಬರುವ ಸೋಮವಾರ ನೆಂಟರೆಲ್ಲರ ಎದುರು ನೀರಿಗೆ ಕ್ಯಾಮೆರಾ ಇಳಿಸುವುದು. ಕಲ್ಲಿನಲ್ಲಿ ಯಾರ ಮನೆಯ ಹೆಸರಿಲ್ಲವೋ ಅವರು ಅರ್ಧ ಮೀಸೆ ಬೋಳಿಸಿಕೊಂಡು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಮೂರು ಸುತ್ತು ಹಾಕುವುದು.

ಇವತ್ತು ಶುಕ್ರವಾರ. ಓಂಕಾರಮೂರ್ತಿಯ ಮೀಸೆ ನಲವತ್ತು ವರ್ಷದ ಬೆಳೆ.

“ಬೋಳಿಸೋಕೆ ಒಂದು ಬ್ಲೇಡು. ಉಳಿಸೋಕೆ ಎಷ್ಟಮ್ಮಾ ಸಿಲಿಂಡರು?” ವಿಶಾಲಾಕ್ಷಮ್ಮ ಕೇಳಿದರು.

“ಮೂರು ಅಮ್ಮಾ.” ಧನುಶ್ರೀ ಎರಡು ಸ್ಟೀಲ್ ಸಿಲಿಂಡರ್ ಉರುಳಿಸಿಕೊಂಡು ಬಂದಳು. “ಚಾವಡಿ ಬಾಗಿಲು ಕಿರಿದು. ಬೆನ್ನಿಗೆ ಕಟ್ಕೊಂಡ್ರೆ ಹೊಸ್ತಿಲಲ್ಲೇ ಸಿಕ್ಕಾಕ್ಕೋತೀನಿ. ಅದಕ್ಕೆ ಪಕ್ಕೆಗೊಂದೊಂದು. ಗಾಳಿ ಮೂರು ಪಾಲು. ಒಂದು ಹೋಗೋಕೆ, ಒಂದು ಬರೋಕೆ, ಒಂದು ಯಮ ಎದುರಾದ್ರೆ.”

“ಮತ್ತೆ ಈ ಚಿಕ್ಕದು?” ಹಸಿರು ಪಟ್ಟಿಯ ಸಿಲಿಂಡರ್ ನೋಡಿ ಓಂಕಾರಮೂರ್ತಿ ಕೇಳಿದರು.

“ಆಕ್ಸಿಜನ್. ಮೇಲೆ ಬರೋವಾಗ ಆರು ಮೀಟರಲ್ಲಿ ನಿಂತು ಉಸಿರಾಡೋದು, ರಕ್ತಕ್ಕೆ ಸೇರಿದ ಗಾಳಿ ಇಳೀಲಿ ಅಂತ. ಮರೆತು ತಳದಲ್ಲಿ, ಮೂವತ್ತಾರು ಮೀಟರಲ್ಲಿ ಬಾಯಿಗಿಟ್ರೆ ಫಿಟ್ಸ್ ಬಂದು ನಾನೂ ಪಟೇಲರ ಜೊತೆಗೇ.”

ಕಾಂತರಾಜ ಸಿಲಿಂಡರಿನ ಮೀಟರು ನೋಡಿ ಹುಬ್ಬೇರಿಸಿದ. “ಸೋಮವಾರ ತಾನೇ ತುಂಬಿಸ್ಕೊಂಡು ಹೋದೆ, ಖಾಲಿ ಮಾಡ್ಬಿಟ್ಟಿದೀಯಲ್ಲೇ?”

“ಅಭ್ಯಾಸ ಬಿಡ್ಬಾರ್ದು ಕಣಣ್ಣ.” ಅವಳು ಓಂಕಾರಮೂರ್ತಿಯತ್ತ ತಿರುಗಿದಳು. “ಕಲ್ಲು ಮೇಲಕ್ಕೆ ತರೋದಾದ್ರೆ ಗಾಳಿಚೀಲ ಬೇಕು. ಅದಕ್ಕೆ ಇನ್ನೊಂದು ಸಿಲಿಂಡರು.”

“ಮೇಲಕ್ಕೆ ಏನೂ ಬೇಡ! ಅಷ್ಟಕ್ಕೂ ಹದಿನೆಂಟೇ ಕೇಜಿ ಇರೋದು.”

“ನೀರೊಳಗಿರೋ ಕಲ್ಲನ್ನ ಎಲ್ಲಿ ತೂಗಿದ್ರಿ ಸ್ವಾಮಿ?” ಎಂದ ಕಾಂತರಾಜ.

ವಿಶಾಲಾಕ್ಷಮ್ಮನಿಗೆ ಕೆಮ್ಮು ಬಂತು.

“ನಮ್ಮನೆ ಕಲ್ಲು ಕಣಪ್ಪಾ ಅದು. ನಮಗೆ ಗೊತ್ತಿರಲ್ವಾ?” ಎಂದರು ಓಂಕಾರಮೂರ್ತಿ.

ಶನಿವಾರ ಬೆಳಗ್ಗೆ ಹಿನ್ನೀರಿನ ನಡುವೆ ತೆಪ್ಪ ನಿಂತಿತು. ದಡ ದೂರವಾದ ಮೇಲೆ ಓಂಕಾರಮೂರ್ತಿ ಕಾಲಡಿಯ ಚಾದರದ ಗಂಟು ಬಿಚ್ಚಿದರು. ಒಳಗೆ ಕರಿಕಲ್ಲು. ಬೀರೂರಿನಲ್ಲಿ ಕೆತ್ತಿಸಿ ಇನ್ನೂ ವಾರವಾಗಿರಲಿಲ್ಲ. ಹಳತಾಗಿ ಕಾಣಲಿ ಎಂದು ವಿಶಾಲಾಕ್ಷಮ್ಮ ಎರಡು ದಿನ ಸಗಣಿ, ಹುಳಿಮಜ್ಜಿಗೆ ಬಳಿದಿದ್ದರು. ಮುತ್ತಜ್ಜನ ಹೆಸರಿನ ಸಂದಿಯಲ್ಲಿ ಮಜ್ಜಿಗೆ ಇನ್ನೂ ಅಂಟಿತ್ತು.

“ಮೊದಲಿನ ಕಲ್ಲು ಇತ್ತಮ್ಮಾ, ನಮ್ಮ ತಾತ ಹೇಳ್ತಿದ್ರು,” ಎಂದರು ಓಂಕಾರಮೂರ್ತಿ ತಲೆ ತಗ್ಗಿಸಿ. “ಇದು ಅದರ ನಕಲು ಅನ್ಕೋ. ಒಳಗೆ ನಿಲ್ಲಿಸಿ ಬಂದ್ಬಿಡು. ಯಾರಿಗೂ ಹೇಳ್ಬೇಡ.”

ಧನುಶ್ರೀ ಬೆರಗಾಗಲಿಲ್ಲ, ಬೈಯಲೂ ಇಲ್ಲ. ತಂದಿದ್ದ ಬಲೆಚೀಲಕ್ಕೆ ಕಲ್ಲನ್ನು ಹಾಕಿಕೊಂಡಳು. ಅಳತೆ ಸರಿಯಾಗಿ ಕೂತಿತು. ಮುಳುಗಿದಳು.

ಗುಳ್ಳೆಗಳು ಬಂದವು. ಹದಿನೈದು ನಿಮಿಷದ ಮೇಲೆ ನಿಂತುಹೋದವು.

“ಒಳಗೆ ಹೋಗಿರ್ತಾಳೆ. ಗುಳ್ಳೆ ಸೂರಿಗೆ ತಡೆಯುತ್ತೆ,” ಎಂದರು ಓಂಕಾರಮೂರ್ತಿ. ಧ್ವನಿಯಲ್ಲಿ ಪಟೇಲರಿರಲಿಲ್ಲ.

“ರೀ, ನಿಮ್ಮ ಮೀಸೆ ಹಾಳಾಗ್ಲಿ. ಆ ಹೆಣ್ಣು ಮಗು ಬಂದ್ರೆ ಸಾಕು.” ವಿಶಾಲಾಕ್ಷಮ್ಮ ಕೊರಳಿನ ಲಿಂಗವನ್ನು ಹಿಡಿದುಕೊಂಡರು.

“ಹೂಂ ಕಣೇ. ಎರಡೂ ಕಡೆ ಬೋಳಿಸ್ಕೋತೀನಿ. ಬಂದ್ರೆ ಸಾಕು.”

ಗುಳ್ಳೆ ಮತ್ತೆ ಕಂಡಾಗ ಇಬ್ಬರೂ ತೆಪ್ಪದ ಅಂಚಿಗೆ ಬಾಗಿದರು. ಆಮೇಲೆ ಗುಳ್ಳೆ ಒಂದೇ ಕಡೆ ಬಹಳ ಹೊತ್ತು ನಿಂತಿತು. ಆರು ಮೀಟರಿನ ಆಕ್ಸಿಜನ್ ಇರಬೇಕು. ಕೊನೆಗೆ ಅವಳ ತಲೆ ನೀರಿನ ಮೇಲೆ ಬಂತು.

“ಬಂದ್ಯಾ ತಾಯಿ!” ಎಂದ ಓಂಕಾರಮೂರ್ತಿಯ ಕೈ ಆಗಲೇ ಮೀಸೆಯ ತುದಿಗೆ ಹೋಗಿತ್ತು. “ನಿಲ್ಲಿಸ್ದಾ? ಹಂಗಾದ್ರೆ ಬೀಗರ ಮೀಸೆ ಹೋಯ್ತು ಅನ್ನು!”

ಧನುಶ್ರೀ ತೆಪ್ಪದ ಅಂಚು ಹಿಡಿದು ಮುಖದ ನೀರು ಒರೆಸಿಕೊಂಡಳು. “ನಿಮ್ಮ ಕಲ್ಲನ್ನ ಅವರ ಕಲ್ಲಿನ ಪಕ್ಕದಲ್ಲೇ ನಿಲ್ಸಿದೀನಿ ಯಜಮಾನ್ರೇ, ಮಂಗಳವಾರ ಅದನ್ನ ಇಳಿಸಿ ಬಂದಾಗ ಕಲ್ಲಪ್ಪನೋರೂ ನನ್ನ ಹಿಂಗೇ ಕೇಳಿದ್ರು.”