ನಶೆ ಇಳಿಯಲಿ

ಯಲ್ಲಮ್ಮನ ಭಂಡಾರ ಮುಟ್ಟಿ ಆಣೆ ಮಾಡಿ ಗಂಡ ಕುಡಿತ ಬಿಟ್ಟು ಮೂರು ತಿಂಗಳಾಗಿತ್ತು. ಈಗ ಗೆಳೆಯನ ಬೈಕಿನಿಂದ ಬಿದ್ದು ತಲೆ ಒಡೆದುಕೊಂಡು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಲಗಿದ್ದ. ಅಳುತ್ತ ಓಡಿಬಂದ ಫಕ್ಕೀರವ್ವನ ಮೂಗಿಗೆ ಬಾಗಿಲಲ್ಲೇ ಬ್ರಾಂದಿ ವಾಸನೆ ಬಡಿಯಿತು. ಅಳು ಅಲ್ಲಿಗೇ ನಿಂತಿತು.

“ಕುಡಿದಿದ್ದಾನೇನಮ್ಮ?” ಡಾಕ್ಟರ್ ಕೇಳಿದರು.

“ನಿಮಗೂ ಮೂಗೈತಲ್ರೀ ಸಾಹೇಬ್ರ, ನನ್ನ ಯಾಕ ಕೇಳ್ತೀರಿ?”

“ಮಾತು ತೊದಲ್ತಿದೆ.”

“ಕುಡದಾಗೆಲ್ಲಾ ಅದ ರಾಗ.”

“ಎರಡು ಸಲ ವಾಂತಿ ಮಾಡಿದ.”

“ಮನ್ಯಾಗೂ ಅದನ್ನ ಮಾಡತಿದ್ದ. ಬಳದು ಬಳದು ನನ್ನ ಕೈ ಸವದಾವು.”

“ಹೆಂಡತಿ ಹೆಸರು ಕೇಳಿದ್ರೆ ‘ಅವ್ವ’ ಅಂತಾನೆ.”

“ಹೊಟ್ಯಾಗ ಬ್ರಾಂದಿ ಬಿದ್ದರನ ಅವಂಗ ಅವ್ವ ನೆನಪಾಗೋದು.”

ತಲೆಯ ಸ್ಕ್ಯಾನಿಂಗಿಗೆ ಜಿಲ್ಲಾಸ್ಪತ್ರೆಗೆ ಕಳಿಸಲು ಬರೆಯುತ್ತಿದ್ದ ಚೀಟಿಯನ್ನು ಡಾಕ್ಟರ್ ಅರ್ಧಕ್ಕೇ ಬಿಟ್ಟರು. “ಹಾಗಾದರೆ ಮೊದಲು ನಶೆ ಇಳಿಯಲಿ. ಸಂಜೆ ನೋಡೋಣ.”

“ಇಳೀಲಿ ಬಿಡ್ರಿ,” ಎಂದು ಫಕ್ಕೀರವ್ವ ಗಂಡನಿಗೆ ಬೆನ್ನು ತಿರುಗಿಸಿ ಬೆಂಚಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಿಗೆ ಗಂಡ ಗೊರಕೆ ಹೊಡೆಯತೊಡಗಿದ. ಅವಳಿಗೆ ಮತ್ತಷ್ಟು ಸಿಟ್ಟು ಬಂತು.

ಸಂಜೆ ಹೊತ್ತಿಗೆ ಗೊರಕೆ ನಿಂತಿತ್ತು, ಗಂಡ ಮಾತ್ರ ಎದ್ದಿರಲಿಲ್ಲ. ಬೈಕ್ ಓಡಿಸಿದ್ದ ಗೆಳೆಯ ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು, ಗೋಡೆ ಹಿಡಿದು ಜೋಲಿ ಹೊಡೆಯುತ್ತ ಬಂದ.

“ನೀನೂ ಕುಡದೀಯೇನೋ ಭಾಡ್ಯಾ?”

“ಕುಡದಾಂವ ನಾ ಒಬ್ಬನ ವೈನಿ. ಅಂವ ಒಂದ ಹನಿ ಮುಟ್ಟಿಲ್ಲ. ಹಾದ್ಯಾಗ ನೀರ ಸಿಗಲಿಲ್ಲ, ಉಳಿದಿದ್ದ ಬ್ರಾಂದಿ ಸುರುವಿ ಅವನ ತಲಿ ತೊಳದೆ.”